ಎಡೆಗೆ ಬಿದ್ದ ಬೆಣ್ಣೆ

ಕಾಶೆವ್ವ ಬಂದಳೆಂದರೆ ಬೆಣ್ಣೆ ಬಂತು ಎಂದೇ ಮಮದಾಪುರದ ಆ ಮನೆಯ ಲೆಕ್ಕ. ನಾಗನೂರಿನಿಂದ ಗೋಕಾಕಕ್ಕೆ ಒಂದು ಬಸ್ಸು, ಗೋಕಾಕದಿಂದ ಇಲ್ಲಿಗೆ ಇನ್ನೊಂದು. ಎರಡರಲ್ಲೂ ಡಬ್ಬಿಯನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು, ಯಾರ ಕಣ್ಣೂ ಬೀಳದಂತೆ ಸೆರಗು ಹೊದಿಸಿ, ಬಿಸಿಲು ಏರುವ ಮೊದಲೇ ಅವಳು ತಮ್ಮ ಬಸವಣ್ಣೆಪ್ಪನ ಮನೆಯ ಹೊಸ್ತಿಲು ದಾಟುತ್ತಿದ್ದಳು. ಬೇರೆ ಸಲವಾಗಿದ್ದರೆ ತಮ್ಮನ ಸೊಸೆ ಕಸ್ತೂರಿ ಓಡಿಹೋಗಿ ಡಬ್ಬಿ ಇಸಿದುಕೊಳ್ಳುತ್ತಿದ್ದಳು. ಈ ಸಲ ಅಡುಗೆಮನೆಯ ಬಾಗಿಲಿನಿಂದ ಅವಳಿಗೆ ಕಾಲು ಕಿತ್ತಿಡಲಾಗಲಿಲ್ಲ.

"ಯಾಕವಾ, ದೆವ್ವ ಕಂಡಾಂಗ ನಿಂತಿ? ನಾನ ಬಂದೇನಿ, ನಿಮ್ಮತ್ತಿ."

"ಬರ್ರಿ ಅತ್ತಿ, ನೀರ ಕೊಡ್ತೇನಿ" ಎಂದಳು ಕಸ್ತೂರಿ. ಕಣ್ಣು ಮಾತ್ರ ಡಬ್ಬಿಯ ಮೇಲೆಯೇ ಇತ್ತು.

ಕಬ್ಬಿನ ಹೊಲದಲ್ಲಿ ಮಾವ ಬಸವಣ್ಣೆಪ್ಪ ಎದೆ ಹಿಡಿದುಕೊಂಡು ಬದುವಿನ ಮೇಲೆ ಕುಸಿದು ಕೂತದ್ದು ಹೋದ ತಿಂಗಳು. ಬೆಳಗಾವಿಗೆ ಒಯ್ದು, ರಕ್ತನಾಳದಲ್ಲಿ ಸ್ಪ್ರಿಂಗು ಕೂರಿಸಿ ಕಳಿಸಿದ್ದರು. ಆಮೇಲೆ ತೋರಿಸಲು ಹೋದಾಗ ಗೋಕಾಕದ ಡಾಕ್ಟರು ಮಾವನನ್ನು ಬಿಟ್ಟು ಸುತ್ತ ನಿಂತವರನ್ನು ನೋಡಿ, "ಇವರ ಅಡಗಿ ಮಾಡವ್ರು ಯಾರು?" ಎಂದಿದ್ದರು. ಎಲ್ಲರೂ ಕಸ್ತೂರಿಯನ್ನು ನೋಡಿದ್ದರು. "ಹಂಗಾರ ನೀವ ಕೇಳ್ರಿ. ಬೆಣ್ಣಿ ತುಪ್ಪ ಬಂದ್. ಕುಸಬಿ ಎಣ್ಣಿ ನಡೀತೈತಿ, ಅದೂ ಕೈ ಹಿಡದು."

ಅಂದಿನಿಂದ ಮನೆಯ ಎಮ್ಮೆಯ ಬೆಣ್ಣೆ ಕಡೆದದ್ದು ಕಡೆದಂತೆ ಪಕ್ಕದ ಓಣಿಯ ಸುಲ್ತಾನಾಬಿಯ ಮನೆಗೆ ಹೋಗುತ್ತಿತ್ತು. "ನಿಮ್ಮನಿ ಬೆಣ್ಣಿ ತಿಂದು ನಮ್ಮನ್ಯಾವ್ರು ಎಮ್ಮಿ ಆಗ್ಯಾರ, ಇನ್ನ ಹಾಲ ಕೊಡೂದೊಂದ ಬಾಕಿ" ಎಂದು ಸುಲ್ತಾನಾಬಿ ನಗುತ್ತಿದ್ದಳು. ಕಸ್ತೂರಿಗೆ ನಗು ಬರುತ್ತಿರಲಿಲ್ಲ. ಒಗ್ಗರಣೆಗೆ ಎಣ್ಣೆ ಬಗ್ಗಿಸುವಾಗಲೂ ಅವಳ ಮಣಿಕಟ್ಟು ಬಿಗಿಯುತ್ತಿತ್ತು.

ಏಕೆಂದರೆ ಮಾವನದೊಂದು ನೇಮವಿತ್ತು. ಎಡೆಗೆ ಬಿದ್ದದ್ದು ಪ್ರಸಾದ. ಉಪ್ಪು ಹೆಚ್ಚಾಯಿತು ಅನ್ನುವವನಲ್ಲ, ಕಹಿ ಅನ್ನುವವನಲ್ಲ, ಬೇಡ ಅನ್ನುವವನಂತೂ ಅಲ್ಲವೇ ಅಲ್ಲ. ಉಂಡ ತಟ್ಟೆಯನ್ನು ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯುವನು. ಹೀಗೆ ಉಣ್ಣುವವನ ಜೀವ ಇರುವುದು ಅವನ ಬಾಯಲ್ಲಲ್ಲ, ನೀಡುವವರ ಕೈಯಲ್ಲಿ.

ಹುಕ್ಕೇರಿಯಲ್ಲಿ ಕಸ್ತೂರಿಯನ್ನು ಸಾಕಿದ ಅಜ್ಜಿ ಒಂದು ಮಾತು ಹೇಳುತ್ತಿದ್ದಳು. ಯಮ ಕೋಣ ಏರಿ ಬರುವುದು ಊರಬಾಗಿಲ ಅಗಸಿಯ ತನಕ ಮಾತ್ರ. ಅಗಸಿಯಲ್ಲಿ ಕೋಣ ಕಟ್ಟಿ ಇಳಿಯುತ್ತಾನೆ. ಮನೆಯೊಳಗೆ ಬರಲು ಅವನಿಗೆ ಪರವಾನಗಿ ಇಲ್ಲ. ಮನೆಯವರಲ್ಲಿ ಯಾರಿಗೆ ಪ್ರೀತಿ ಹೆಚ್ಚೋ ಅವರ ಕೈ ಹಿಡಿದುಕೊಂಡು ಒಳಗೆ ಬರುತ್ತಾನೆ. ಕೈ ಹಿಡಿಸಿಕೊಂಡವರಿಗೆ ಅದು ಗೊತ್ತೇ ಆಗುವುದಿಲ್ಲ. ಕತೆ ಕೇಳಿ ಚಿಕ್ಕ ಕಸ್ತೂರಿ ತನ್ನ ಎರಡೂ ಕೈಗಳನ್ನು ಕೌದಿಯೊಳಗೆ ಅಡಗಿಸಿ ಮಲಗುತ್ತಿದ್ದಳು.

ಆ ಮಧ್ಯಾಹ್ನ ಕಾಶೆವ್ವ ಯಾರನ್ನೂ ಕೇಳದೆ ನೀಡಲು ನಿಂತಳು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ. ಕಸ್ತೂರಿ ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕಿ ನೋಡುವಷ್ಟರಲ್ಲಿ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ರೊಟ್ಟಿಯ ನಡುವೆ ಕೂತು, ಅಂಚಿನಿಂದ ಕರಗತೊಡಗಿತ್ತು.

"ಅತ್ತೀ, ಡಾಕ್ಟರ್ ಬ್ಯಾಡ ಅಂದಾರ್ರಿ."

"ಡಾಕ್ಟರನೂ ಅವ್ವನ ಬೆಣ್ಣಿ ತಿಂದ ಡಾಕ್ಟರ್ ಆಗ್ಯಾನ. ಉಣ್ಣೋ ತಮ್ಮಾ."

ಬಸವಣ್ಣೆಪ್ಪ ಅಕ್ಕನನ್ನು ನೋಡಿದ, ಸೊಸೆಯನ್ನು ನೋಡಿದ, ತಟ್ಟೆ ನೋಡಿದ. ರೊಟ್ಟಿ ಮುರಿದು ಬೆಣ್ಣೆಯಲ್ಲಿ ಒರೆಸಿ ಬಾಯಿಗಿಟ್ಟ. ಪೂರ್ತಿ ಉಂಡ. ತಟ್ಟೆ ತೊಳೆದು ಕುಡಿದ. ಆ ನೀರಿನ ಮೇಲೂ ಜಿಡ್ಡಿನ ಬಿಲ್ಲೆಗಳು ತೇಲುತ್ತಿದ್ದುದನ್ನು ಕಸ್ತೂರಿ ಕಂಡಳು.

ಇಳಿಹೊತ್ತಿನವರೆಗೂ ಅವಳು ಪಡಸಾಲೆಯಲ್ಲಿ ಹೊಲಿಗೆಯ ನೆವ ಹಿಡಿದು ಕೂತಿದ್ದಳು. ಮಲಗಿದ ಮಾವನ ಅಂಗಿ ಏರುತ್ತದೆ, ಇಳಿಯುತ್ತದೆ. ಒಮ್ಮೆ ಇಳಿದದ್ದು ಏರಲು ತಡವಾಯಿತು. ಸೂಜಿ ಬೆರಳಿಗೆ ನೆಟ್ಟಿತು. ಮಾವ ಕೆಮ್ಮಿ ಮಗ್ಗುಲಾದ. ಹೊರಗೆ ಎಮ್ಮೆ ಕೊರಳ ಗಂಟೆ ಅಲುಗಿಸಿದ ಸದ್ದಿಗೂ ಅವಳು ಎದ್ದು ನಿಂತಳು.

ಗಂಡ ಈಶ್ವರ ಹೊಲದಿಂದ ಬಂದಾಗ ಹಿತ್ತಲಲ್ಲಿ ಹಿಡಿದಳು. "ನಿಮ್ಮತ್ತಿಯವ್ರಿಗೆ ನೀವ ಹೇಳ್ರಿ."

"ನಾ ಹೇಳೂದಾ? ಸಣ್ಣವಿದ್ದಾಗ ಆಕಿ ಬೆಣ್ಣಿ ಉಗುಳಿದ್ನೆಂತ ಬೆತ್ತ ತಗೊಂಡು ಓಣಿ ತುಂಬ ಓಡ್ಸ್ಯಾಳ. ನೀ ಹೇಳು, ನೀ ಹೆಣ್ಣಮಗಳು."

"ಮಾವಾರ್ಗೆ ಹೇಳ್ರಿ, ಬ್ಯಾಡ ಅನ್ನಲಿ."

"ಅಪ್ಪ ಬ್ಯಾಡ ಅಂತಾನ?" ಈಶ್ವರ ಕೈಕಾಲಿಗೆ ನೀರು ಹಾಕಿಕೊಂಡ. ಅವನ ಮುಖದಲ್ಲೂ ಹೆದರಿಕೆ ಇತ್ತು. ಆದರೆ ಆ ಹೆದರಿಕೆಗೆ ಕೈಕಾಲು ಇರಲಿಲ್ಲ.

ಕೊನೆಗೆ ಕಸ್ತೂರಿಯೇ ಹೇಳಿದಳು. ಬೆಣ್ಣೆಯನ್ನು ತಾನು ಬೇರೆ ಡಬ್ಬಿಗೆ ತೆಗೆದಿಡುವುದಾಗಿ, ಮಾವನಿಗೆ ಮಾತ್ರ ಬೇಡವೆಂದು, ಕೈ ಮುಗಿದು ಹೇಳಿದಳು. ಕಾಶೆವ್ವ ಅವಳನ್ನು ದಿಟ್ಟಿಸಿದಳು.

"ಬಾಟ್ಲಿ ಎಣ್ಣಿ ಕುಡಿಸಿ ನನ್ನ ತಮ್ಮನ್ನ ಹುಲ್ಲಕಡ್ಡಿ ಮಾಡೀರಿ. ಕೊರಳಾಗಿನ ಎಲವು ಎಣಸಬೇಕು. ಅದು ಕಾಣಂಗಿಲ್ಲ ನಿನಗ, ನನ್ನ ಬೆಣ್ಣಿ ಕಾಣತೈತಿ."

ಮಾವ ಸೊರಗಿದ್ದು ಖರೆಯಾಗಿತ್ತು.

ಮರುದಿನ ಮಧ್ಯಾಹ್ನ ಎಡೆಯಲ್ಲಿ ಬೆಣ್ಣೆ ಕಾಣಲಿಲ್ಲ. ರೊಟ್ಟಿ ಮಡಚಿತ್ತು. ಕಸ್ತೂರಿ ಒಂದು ನಿಟ್ಟುಸಿರು ಬಿಡಬೇಕು, ಅಷ್ಟರಲ್ಲಿ ಮಡಚಿದ ರೊಟ್ಟಿಯ ಬಾಯಿಂದ ಹಳದಿ ಹನಿಯೊಂದು ಮೆಲ್ಲಗೆ ಇಣುಕಿ ಪಲ್ಯದ ಕಡೆಗೆ ಹರಿಯಿತು. ಮಾವನ ಕೈ ರೊಟ್ಟಿಯ ಮೇಲೆ ಬಂದು ನಿಂತಿತ್ತು. ಕಾಶೆವ್ವ ಏನೂ ಅರಿಯದವಳಂತೆ ಗೋಡೆಯ ಕಡೆ ನೋಡುತ್ತಿದ್ದಳು.

ತಟ್ಟೆ ಕಸಿದರೆ ಮಾವ ಉಪವಾಸ ಏಳುತ್ತಾನೆ. ಬಿಟ್ಟರೆ ಉಣ್ಣುತ್ತಾನೆ. ಕಸ್ತೂರಿಗೆ ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅವಳ ಮೊಣಕಾಲು ನೆಲಕ್ಕೆ ಊರಿದ್ದವು. ತಲೆಯ ಮೇಲೆ ಸೆರಗೆಳೆದುಕೊಂಡು, ಬಲ ಅಂಗೈಯ ಕೆಳಗೆ ಎಡಗೈ ಇಟ್ಟು, ಮಠದಲ್ಲಿ ಸ್ವಾಮಿಗಳ ಮುಂದೆ ಹಿಡಿಯುವಂತೆ ಮಾವನ ತಟ್ಟೆಯ ಮುಂದೆ ಹಿಡಿದಳು.

"ಪ್ರಸಾದ ನೀಡ್ರಿ ಮಾವಾರ."

ಪ್ರಸಾದ ಬೇಡಿದವರಿಗೆ ಇಲ್ಲ ಅನ್ನುವಂತಿಲ್ಲ. ಕೊಟ್ಟದ್ದು ಎಡೆಯಲ್ಲಿ ಬಿಟ್ಟ ಹಾಗೂ ಆಗುವುದಿಲ್ಲ. ಬಸವಣ್ಣೆಪ್ಪ ಮಡಚಿದ ರೊಟ್ಟಿಯನ್ನು ಬೆಣ್ಣೆ ಸಮೇತ ಎತ್ತಿ ಅವಳ ಕೈಯಲ್ಲಿಟ್ಟ. ಇಟ್ಟ ಕೈ ಹಿಂದಕ್ಕೆ ಬಂದು ಅವನ ಎದೆಯ ಮೇಲೆ ಕೂತಿತು. ಹಣೆಯ ಮೇಲೆ ಬೆವರಿತ್ತು. ಕಸ್ತೂರಿ ಮುಖ ಎತ್ತಿ ನೋಡಿದಳು. ಇಷ್ಟು ದಿನ ಮಾವನಿಗೆ ಹೆದರಿಕೆಯೇ ಇಲ್ಲ ಎಂದುಕೊಂಡಿದ್ದಳು.

"ಏನಿದು ಆಟ?" ಕಾಶೆವ್ವ ತಿರುಗಿದಳು. "ಉಣ್ಣಾವನ ಬಾಯಾಗಿನ ತುತ್ತು ಕಸಗೊಂತಿ? ನಿಮ್ಮ ಹುಕ್ಕೇರಿ ಕಡೆ ಹಿಂಗ ಕಲಿಸ್ಯಾರೇನ?"

"ಆಕಿಗಿ ಬೈಬ್ಯಾಡಕ್ಕಾ." ಬಸವಣ್ಣೆಪ್ಪನ ದನಿ ತಗ್ಗಿತ್ತು. "ನಿನ್ನೆ ಉಂಡಾಗಿಂದ ನಾ ಎದಿ ಮ್ಯಾಲಿಂದ ಕೈ ತಗದಿಲ್ಲ. ಮಲಗಿದ್ನೆಂತ ತಿಳದೀರಿ ನೀವು. ಕಣ್ಣ ಮುಚ್ಚಿ ಎದಿ ಬಡಿಯೂದ ಕೇಳಕೋಂತ ಬಿದ್ದಿದ್ನಿ."

"ಹಂಗಾರ ಬ್ಯಾಡ ಅನಬೇಕಿಲ್ಲೋ, ನನ್ನಪ್ಪಾ."

"ನೀ ನೀಡಿದ್ದು ಬ್ಯಾಡ ಅಂತ ಹೆಂಗನ್ಲಿ?"

ಕಾಶೆವ್ವ ಅಲ್ಲೇ ನೆಲಕ್ಕೆ ಕೂತಳು. ಸೆರಗಿನಿಂದ ಬಾಯಿ ಒತ್ತಿಕೊಂಡಳು. ಅವಳ ಮಾತು ಸೊಸೆಗೂ ಅಲ್ಲ, ತಮ್ಮನಿಗೂ ಅಲ್ಲ, ನೆಲಕ್ಕೆ ಹೇಳಿದಂತಿತ್ತು.

"ನಮ್ಮಪ್ಪಗೂ ಹಿಂಗ ಆಗಿತ್ತು. ಬೆಣ್ಣಿ ಬಿಡ್ರಿ ಅಂದ್ರು. ಬಿಟ್ಟ. ದಿನಾ ಒಂದೀಟ ಒಂದೀಟ ಒಣಗಿದ. ಮುಂದಿನ ಅಮಾಸಿ ನೋಡಲಿಲ್ಲ. ನಾನ ಬಾಜೂ ಕುಂತಿದ್ನಿ. ಕಡೀಕ ಅಂವಾ ಬೆಣ್ಣಿ ರೊಟ್ಟಿ ಕೇಳಿದ, ನಾ ಕೊಡಲಿಲ್ಲ."

ಕಸ್ತೂರಿಯ ಅಂಗೈಯಲ್ಲಿ ಬೆಣ್ಣೆ ಕರಗಿ ಮೊಣಕೈವರೆಗೆ ಹರಿದಿತ್ತು. ಪ್ರಸಾದವೆಂದು ಬೇಡಿದ್ದರಿಂದ ಅವಳು ಅದನ್ನು ಉಣ್ಣಲೇಬೇಕು. ಉಂಡಳು. ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದದ್ದೇ ಅವಳಿಗೆ ಹೆದರಿಕೆ ತಂದಿತು.

ಸಂಜೆ ಕಾಶೆವ್ವ ಅಡುಗೆಮನೆಗೆ ಬರಲಿಲ್ಲ. ಡಬ್ಬಿ ಸುಲ್ತಾನಾಬಿಯ ಮನೆಗೆ ಹೋಯಿತೇ ಎಂದು ಕೇಳಲೂ ಇಲ್ಲ. ತಮ್ಮ ಉಣ್ಣಲು ಕೂತಾಗ ಎದುರಿನ ಕಂಬಕ್ಕೆ ಒರಗಿ ಕೂತಳು. ಕಸ್ತೂರಿ ರೊಟ್ಟಿ ನೀಡಿದಳು, ಶೇಂಗಾ ಹಿಂಡಿ ಹಾಕಿ ನಡುವೆ ಬೆರಳಿನಿಂದ ಕುಳಿ ಮಾಡಿ ಕುಸುಬಿ ಎಣ್ಣೆ ಬಿಟ್ಟಳು.

"ಅಷ್ಟ ಸಾಕಾ?" ಎಂದಳು ಕಾಶೆವ್ವ.

"ಸಾಕ್ರಿ ಅತ್ತಿ."

"ಮತ್ತಿಷ್ಟು ಸೊರಗಿದ್ರ?"

"ಡಾಕ್ಟರ್ ಹೇಳ್ಯಾರ್ರಿ."

"ಡಾಕ್ಟರ್ ಗೋಕಾಕದಾಗ ಇರ್ತಾನ. ಇಲ್ಲಿ ನೀ ಇರ್ತಿ."

ಬೈಗುಳವಾಗಿದ್ದರೆ ಕಸ್ತೂರಿ ತಡೆದುಕೊಳ್ಳುತ್ತಿದ್ದಳು. ಕಾಶೆವ್ವ ಅದನ್ನು ಬೈಗುಳದ ಹಾಗೆ ಹೇಳಲಿಲ್ಲ. ಮನೆಯ ಬೀಗದ ಕೈ ಕೊಟ್ಟು ಹೋಗುವವರು ಹೇಳುವ ಹಾಗೆ ಹೇಳಿದಳು. ನಾಳೆ ಬಸ್ಸು ಹತ್ತಿ ನಾಗನೂರಿಗೆ ಹೋಗಿಬಿಡುತ್ತಾಳೆ. ಆಮೇಲೆ ಜಗಳವಾಡಲೂ ಯಾರೂ ಇರುವುದಿಲ್ಲ. ಎಣ್ಣೆಯ ಬಟ್ಟಲು ಕಸ್ತೂರಿಗೆ ಭಾರವೆನಿಸಿತು. ಕಡಿಮೆಯಾಯಿತೇ? ಹೆಚ್ಚಾಯಿತೇ? ಇನ್ನೊಂದು ಹನಿ ಬಿಡಲು ಬಟ್ಟಲು ಬಗ್ಗಿಸಿದಳು, ಬಿಡದೆ ನೆಟ್ಟಗೆ ಮಾಡಿದಳು.

ಬಸವಣ್ಣೆಪ್ಪ ತುತ್ತು ಮುರಿದು ಹಿಂಡಿಗೆ ಹಚ್ಚಿ ಬಾಯಿಗಿಟ್ಟ. ಇಬ್ಬರು ಹೆಂಗಸರೂ ಅವನ ಗಂಟಲನ್ನೇ ನೋಡುತ್ತಿದ್ದರು.

"ಹಂಗ ನೋಡಬ್ಯಾಡ್ರಿ" ಎಂದ ಅವನು. "ನೋಡಿದ್ರ ತುತ್ತ ಇಳಿಯವಲ್ದು."

ಕಾಶೆವ್ವ ಹೊರಬಾಗಿಲ ಕಡೆ ಮುಖ ತಿರುಗಿಸಿದಳು, ಕಸ್ತೂರಿ ಒಲೆಯ ಕಡೆ. ಕಿವಿ ಮಾತ್ರ ತಟ್ಟೆಯ ಹತ್ತಿರವೇ ಉಳಿದವು. ರೊಟ್ಟಿ ಮುರಿದ ಸದ್ದು. ಅಗಿಯುವ ಸದ್ದು. ಆಮೇಲೆ ತುತ್ತು ಇಳಿಯುವ ಹೊತ್ತಿನ, ಏನೂ ಕೇಳಿಸದ ಒಂದು ಗಳಿಗೆ.