ದರ್ಜಿ ಎತ್ತಿದ ಗುಂಡು

ದರ್ಜಿ ಮೊದಲ ಸಲ ಕೆಟಲ್‌ಬೆಲ್ ಎಂಬ ಹಿಡಿಕೆಯುಳ್ಳ ಕಬ್ಬಿಣದ ಗುಂಡನ್ನು ಎತ್ತಲು ಹೋದಾಗ ಅದು ಮೇಲೇಳಲಿಲ್ಲ, ದರ್ಜಿಯೇ ಕೆಳಗಿಳಿದ. ಬೆಳಗಿನಿಂದ ಸಂಜೆಯ ತನಕ ಹೊಲಿಗೆ ಯಂತ್ರದ ಮುಂದೆ ಗೂನು ಹಾಕಿಕೊಂಡು ಕೂತ ಮೈ ಅದು. ಹುಟ್ಟಿದಾಗಿನಿಂದ ಗುಂಡಿ ಹಚ್ಚಿದವನು ಈಗ ಗುಂಡು ಎತ್ತಲು ಹೊರಟಿದ್ದ.

ಜಿಮ್ಮಿನ ಕೋಚ್ ಗಟ್ಟಿ ಗಂಟಲಿನ ಹೆಂಗಸು. "ಬೆನ್ನಿಂದ ಅಲ್ಲ ಸರ್, ಸೊಂಟದಿಂದ! ಎರಡು ಕೈಲೂ ಚೀಲ ಇದ್ದಾಗ ಬಾಗಿಲನ್ನ ಹಿಂಭಾಗದಿಂದ ದೂಡಿ ಮುಚ್ತೀರಲ್ಲ, ಹಾಗೆ ಸೊಂಟ ಹಿಂದಕ್ಕೆ ಹೋಗಲಿ. ಆಮೇಲೆ ಝಟ್ ಅಂತ ಮುಂದಕ್ಕೆ. ಕೈನ ಬರೀ ಹಗ್ಗ ಅಂದ್ಕೊಳ್ಳಿ."

"ಅಂದ್ಕೊಳ್ಳೋದೇನು ಬಂತು ಮೇಡಂ, ಹಗ್ಗವೇ," ಎಂದ ದರ್ಜಿ, ತನ್ನ ತೋಳು ನೋಡಿಕೊಂಡು.

ಈ ವಯಸ್ಸಿನಲ್ಲಿ ಅವನಿಗೆ ಇದೆಲ್ಲ ಬೇಕಾದದ್ದು ಅಣ್ಣನಿಗಾಗಿ. ಸಭೆ ಸಮಾರಂಭಗಳಲ್ಲಿ ಮಿಮಿಕ್ರಿ ಮಾಡಿ ಜನರನ್ನು ಹೊಟ್ಟೆ ಹಿಡಿದು ನಗುವಂತೆ ಮಾಡುತ್ತಿದ್ದ ಅಣ್ಣನಿಗೆ ನರಗಳ ಕಾಯಿಲೆ ಬಂದು, ಮೊದಲು ಕಾಲು ಹೋಗಿತ್ತು. ಹೆಂಡತಿ ಮಕ್ಕಳಿಲ್ಲದ ಇಬ್ಬರೂ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿದ್ದರು. ಹಾಸಿಗೆಯಿಂದ ಗಾಲಿಕುರ್ಚಿಗೆ ಕೂರಿಸುವಾಗ ಒಂದು ದಿನ ದರ್ಜಿಯ ಕೈ ಸೋತು ಅಣ್ಣ ನೆಲಕ್ಕೆ ಬಿದ್ದ, ಹಣೆ ಒಡೆಯಿತು. ಸುದ್ದಿ ತಿಳಿದು ಶಾಲೆಯೊಂದರ ಹೆಡ್‌ಮಿಸ್ ಆಗಿದ್ದ ಅಕ್ಕ ಬಂದವಳು, ತರಗತಿಯಲ್ಲಿ ನಿಂತಂತೆಯೇ ನಿಂತು ತೀರ್ಪು ಕೊಟ್ಟಳು. "ನೀನೊಬ್ಬನೇ ಇವನ್ನ ಎತ್ತಿ ಕೂರಿಸೋದನ್ನ ನಾನು ಕಣ್ಣಾರೆ ನೋಡ್ಬೇಕು. ರಜೆ ಶುರುವಾದ ಮೇಲೆ ಬರ್ತೀನಿ. ಆಗ್ಲಿಲ್ವೋ, ಆರೈಕೆ ಕೇಂದ್ರಕ್ಕೆ ಸೇರಿಸ್ತೀನಿ. ಸೆಂಟಿಮೆಂಟು ಗಿಂಟಿಮೆಂಟು ಬೇಡ."

ಅವಳು ಮೆಟ್ಟಿಲಿಳಿಯುವ ಮೊದಲೇ ಅಣ್ಣ ಅವಳದೇ ಧ್ವನಿಯಲ್ಲಿ "ಸೆಂಟಿಮೆಂಟು ಗಿಂಟಿಮೆಂಟು ಬೇಡ!" ಎಂದ. ದರ್ಜಿಗೆ ನಗು ಬಂತು. ಅಣ್ಣ ಮಾತ್ರ ನಗಲಿಲ್ಲ. "ನನ್ನ ಅಲ್ಲಿಗೆ ಕಳಿಸ್ಬೇಡ ಕಣೋ. ಅಲ್ಲಿ ಯಾರ ಮಿಮಿಕ್ರಿ ಮಾಡ್ಲಿ? ಎಲ್ರೂ ಒಂದೇ ಥರ ನರಳ್ತಾರೆ."

ಹಾಗೆ ಶುರುವಾಯಿತು. ಅಭ್ಯಾಸಕ್ಕೆಂದು ಕೋಚ್ ಹನ್ನೆರಡು ಕಿಲೋದ ಒಂದು ಗುಂಡನ್ನು ಮನೆಗೂ ಕೊಟ್ಟಳು. ಅದನ್ನು ಹೊತ್ತು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿಬಂದ ತಮ್ಮನನ್ನು ಅಣ್ಣ ಹಾಸಿಗೆಯಿಂದಲೇ ಸ್ವಾಗತಿಸಿದ. "ಏನೋ, ಮನೆಗೆ ಗುಂಡು ತಂದಿದ್ದೀಯಂತೆ, ನನಗೊಂದು ಗುಟುಕೂ ಇಲ್ವಾ?"

"ಇದು ಕೆಟಲ್‌ಬೆಲ್ ಅಣ್ಣ."

"ಕೆಟಲ್ ಅಂತೀಯ, ಚಹಾ ಎಲ್ಲಿ? ಬೆಲ್ ಅಂತೀಯ, ಸದ್ದೆಲ್ಲಿ?"

ಬೆಲ್ಲಿನ ಸದ್ದು ಮಾರನೆಯ ದಿನವೇ ಬಂತು. ಕೈಜಾರಿ ನೆಲಕ್ಕೆ ಬಿದ್ದದ್ದಕ್ಕೆ ಕೆಳಗಿನ ಅಂಗಡಿಯ ಗಾಜಿನ ಕಪಾಟು ಗಲಗಲ ಎಂದಿತು. ಅಂದಿನಿಂದ ಅಣ್ಣನೇ ಮನೆಯ ಕೋಚ್. ತಮ್ಮ ಹೇಳಿದ್ದನ್ನು ಕೇಳಿಯೇ ಆ ಹೆಂಗಸಿನ ಧ್ವನಿ ಹಿಡಿದು "ಸೊಂಟದಿಂದ ಸರ್! ಬಾಗಿಲು ಮುಚ್ಚಿ ಸರ್! ಸೊಳ್ಳೆ ಬರ್ತಾ ಇದೆ ಸರ್!" ಎಂದು ಕೂಗುತ್ತಿದ್ದ. ಬೆನ್ನು ಹಿಡಿದುಕೊಂಡಿತು, ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು, ಸೂಜಿಗೆ ದಾರ ಪೋಣಿಸಲು ಹತ್ತು ಸಲ ಹಿಡಿಯಿತು. ದರ್ಜಿ ಬಿಡಲಿಲ್ಲ.

ತೋಳು ಎಷ್ಟು ಬಲಿಯಿತೆಂದು ನೋಡುವ ಕೆಲಸವೂ ಅಣ್ಣನದೇ. ದರ್ಜಿ ತನ್ನ ಅಳತೆ ತಾನು ತೆಗೆಯಬಾರದೆಂಬುದು ಅವರ ಅಂಗಡಿಯಲ್ಲಿ ಅಪ್ಪನ ಕಾಲದ ಕಟ್ಟುನಿಟ್ಟು. ಹೊಟ್ಟೆ ಒಳಗೆಳೆದುಕೊಳ್ಳುತ್ತಾನೆ, ಎದೆ ಉಬ್ಬಿಸುತ್ತಾನೆ, ಟೇಪು ಸುಳ್ಳು ಹೇಳುತ್ತದೆ. ಆದ್ದರಿಂದ ಅವನು ಹಾಸಿಗೆಯ ಪಕ್ಕ ಕೂತು, ಮುಖ ಆಚೆ ತಿರುಗಿಸಿ ತೋಳು ಚಾಚುತ್ತಿದ್ದ. ಅಣ್ಣ ನಡುಗುವ ಕೈಯಿಂದ ಟೇಪು ಸುತ್ತಿ, ಕ್ರಿಕೆಟ್ ವೀಕ್ಷಕ ವಿವರಣೆಯ ಧಾಟಿಯಲ್ಲಿ ಸಾರುತ್ತಿದ್ದ: "ಮತ್ತೆ ಅರ್ಧ ಇಂಚು! ಪ್ರೇಕ್ಷಕರು ಎದ್ದು ನಿಂತಿದ್ದಾರೆ! ಒಬ್ಬ ಪ್ರೇಕ್ಷಕನಿಗೆ ಏಳೋಕಾಗ್ತಿಲ್ಲ, ಕ್ಷಮಿಸಿ!"

ಒಂದು ಬೆಳಿಗ್ಗೆ ದರ್ಜಿ ಅಣ್ಣನ ಕಂಕುಳಡಿ, ತೊಡೆಯಡಿ ಕೈ ಹಾಕಿ, ಸೊಂಟ ಹಿಂದಕ್ಕೆ ಕಳಿಸಿ, ಝಟ್ಟನೆ ಎದ್ದ. ಅಣ್ಣ ಗಾಳಿಯಲ್ಲಿದ್ದ. ಮರುಕ್ಷಣ ಕುರ್ಚಿಯಲ್ಲಿದ್ದ. ಇಬ್ಬರೂ ಮುಖ ಮುಖ ನೋಡಿಕೊಂಡರು. ದರ್ಜಿ ಮಗುವಿನಂತೆ ಕುಣಿದು, ಚಪ್ಪಲಿಯನ್ನೂ ಮೆಟ್ಟದೆ ಜಿಮ್ಮಿಗೆ ಓಡಿದ.

"ಎತ್ತಿದೆ ಮೇಡಂ! ಹೂವಿನ ಹಾಗೆ ಎತ್ತಿದೆ!"

ಕೋಚ್ ಮುಖ ಅರಳಿತು. "ಹಾಗಿದ್ರೆ ಬನ್ನಿ, ಹದಿನಾರು ಹಿಡೀರಿ."

ಹದಿನಾರು ಕಿಲೋ ಮೊಣಕಾಲು ದಾಟಲಿಲ್ಲ. ಇನ್ನೊಮ್ಮೆ ಹಿಡಿದ. ಅದೇ ಅವನನ್ನು ಎಳೆದುಕೊಂಡು ಹೋಗಿ ಗೋಡೆಗೆ ಒರಗಿಸಿತು.

"ತೋಳಿನ ಅಳತೆಯೂ ಹೆಚ್ಚಿದೆ ಮೇಡಂ," ಎಂದ, ಉಸಿರು ಹಿಡಿದು.

"ಅಳೆದಿದ್ಯಾರು?"

"ಅಣ್ಣ."

ಕೋಚ್ ಅವನ ತೋಳನ್ನೊಮ್ಮೆ ಒತ್ತಿ ನೋಡಿದಳು. ಗಟ್ಟಿ ಗಂಟಲು ಈಗ ಮೆತ್ತಗಾಗಿತ್ತು. "ನೀವು ಹನ್ನೆರಡರಲ್ಲೇ ಇದ್ದೀರಿ ಸರ್. ಆಳೆತ್ತರದ ಮನುಷ್ಯನ್ನ ಹೂವಿನ ಹಾಗೆ ಎತ್ತೋಕೆ ಇದು ಸಾಲಲ್ಲ. ನಿಮ್ಮಣ್ಣನ ತೂಕ ಯಾವಾಗ ನೋಡಿದ್ರಿ?"

ದರ್ಜಿ ಮನೆಗೆ ಹೇಗೆ ಬಂದನೋ ಅವನಿಗೇ ತಿಳಿಯದು. ಅಣ್ಣನ ಮೈಮೇಲಿದ್ದ ಸ್ವೆಟರ್ ಬಿಚ್ಚಿದ. ಒಳಗೊಂದು ಸ್ವೆಟರ್. ಅದರೊಳಗೆ ಇನ್ನೊಂದು. ಮಾತ್ರೆಗಳಿಂದ ಮುಖ ದುಂಡಗೆ ಊದಿತ್ತು, ಅವನು ನೋಡುತ್ತಿದ್ದದ್ದು ಆ ಮುಖವನ್ನೇ. ಮೈ ಒರೆಸುವಾಗಲೆಲ್ಲ ಅಣ್ಣ ಯಾರದಾದರೂ ಧ್ವನಿ ತೆಗೆದು ನಗಿಸುತ್ತಿದ್ದ. ನಗುವವನ ಕಣ್ಣು ಮುಚ್ಚಿರುತ್ತದೆ. ಊರಿನವರ ಎದೆಯನ್ನೆಲ್ಲ ಅಳೆದವನು ಈಗ ಅಣ್ಣನ ಎದೆಗೆ ಟೇಪು ಸುತ್ತಿದ. ಸಂಖ್ಯೆ ಓದಲಿಲ್ಲ. ಟೇಪಿನ ಎರಡು ತುದಿಗಳು ಕೈಯಲ್ಲಿ ಉದ್ದಕ್ಕೆ ಉಳಿದದ್ದೇ ಸಾಕಾಯಿತು.

"ಊಟ ಏನ್ಮಾಡ್ತಿದ್ದೆ ಅಣ್ಣ?"

"ಕಿಟಕಿ ಕೆಳಗಿರೋ ಬೆಕ್ಕಿಗೆ. ನೋಡು ಹೋಗಿ, ಪೈಲ್ವಾನ್ ಆಗಿದೆ."

"ತಮಾಷೆ ಬಿಡು!"

"ನಿನ್ನ ಕೈಲಿ ಹನ್ನೆರಡು ಕಿಲೋದಿಂದ ಮೇಲಕ್ಕೆ ಹೋಗೋಕಾಗ್ತಿರ್ಲಿಲ್ಲ. ಅದಕ್ಕೇ ನಾನೇ ತೂಕದಲ್ಲಿ ಕೆಳಗಿಳಿದು ಬಂದೆ." ಅಣ್ಣ ತನ್ನ ಸ್ವಂತ ಧ್ವನಿಯಲ್ಲಿ ಹೇಳಿದ. ಅದು ಎಷ್ಟು ಸಣ್ಣಗಾಗಿತ್ತೆಂದು ದರ್ಜಿಗೆ ಆಗಲೇ ಕೇಳಿಸಿದ್ದು.

"ಇವತ್ತಿಂದ ನಾನೇ ತಿನ್ನಿಸ್ತೀನಿ. ನೀನು ದಪ್ಪ ಆಗು. ನಾನು ಹೇಗಾದ್ರೂ ಎತ್ತುತ್ತೀನಿ."

"ಮೊದಮೊದಲು ಬೇಕಂತಲೇ ಊಟ ಬಿಟ್ಟೆ ಕಣೋ." ಅಣ್ಣ ಗಂಟಲು ಮುಟ್ಟಿ ತೋರಿಸಿದ. "ಈಗ ತಿನ್ನೋಣ ಅಂದ್ರೂ ಇಲ್ಲಿ ಇಳಿಯಲ್ಲ. ಕಾಯಿಲೆ ಇಲ್ಲೀವರೆಗೂ ಬಂದಿದೆ."

ದರ್ಜಿ ಗಂಜಿಯಂತೆ ತೆಳ್ಳಗೆ ಮಾಡಿ ಚಮಚದಲ್ಲಿ ಕುಡಿಸಿದ. ಅರ್ಧ ಕೆಮ್ಮಾಗಿ ಹೊರಬಂತು, ಉಳಿದದ್ದು ಗದ್ದಕ್ಕಿಳಿಯಿತು. ವೈದ್ಯರನ್ನು ಕರೆಸಿದ. ವೈದ್ಯರು ಅಣ್ಣನ ಎದುರು ಹವಾಮಾನದ ಮಾತಾಡಿ, ಮೆಟ್ಟಿಲ ಬಳಿ ದರ್ಜಿಯ ಭುಜ ತಟ್ಟಿ ಹೋದರು.

ರಜೆ ಶುರುವಾಯಿತು. ಬೀದಿಯಲ್ಲಿ ಅಕ್ಕನ ಕಾರು ನಿಂತ ಸದ್ದಾದಾಗ ಅಣ್ಣ ಅವಸರ ಮಾಡಿದ. "ಸ್ವೆಟರ್ ಹಾಕು. ಎಲ್ಲಾನೂ ಹಾಕು."

"ಅಕ್ಕನಿಗೆ ಹೇಳಿಬಿಡೋಣ ಅಣ್ಣ."

"ಹೇಳಿದ್ರೆ ಈ ಮಧ್ಯಾಹ್ನವೇ ಅಲ್ಲಿಗೆ ಸಾಗಿಸ್ತಾಳೆ. ನಾಲ್ಕು ದಿನವೋ ಎಂಟು ದಿನವೋ, ಇಲ್ಲೇ ಆಗ್ಲಿ."

ಅಕ್ಕ ಬಂದು ಬಾಗಿಲಲ್ಲೇ ಕೈಕಟ್ಟಿ ನಿಂತಳು. "ಹೂಂ, ತೋರ್ಸು."

ದರ್ಜಿ ಹಾಸಿಗೆಗೆ ಬಾಗಿದ. ಸೊಂಟ ಹಿಂದಕ್ಕೆ ಹೋಗುವ ಮೊದಲೇ ಅಣ್ಣ ಕೈಗೆ ಬಂದುಬಿಟ್ಟ. ಒಗೆದು ಒಣಗಿಸಿದ ಬಟ್ಟೆ ಎತ್ತಿದಂತಾಯಿತು. ಅಷ್ಟರಲ್ಲಿ ಕಿವಿಯ ಬಳಿ ಅಣ್ಣನ ಪಿಸುಮಾತು: "ಏದುಸಿರು ಬಿಡೋ ಮುಠ್ಠಾಳ. ಅನುಮಾನ ಬರುತ್ತೆ."

ಜೀವಮಾನದಲ್ಲಿ ಯಾರನ್ನೂ ಅನುಕರಿಸದ ದರ್ಜಿ ಆಗ ಹಲ್ಲು ಕಚ್ಚಿದ, ಕುತ್ತಿಗೆಯ ನರ ಉಬ್ಬಿಸಿದ, ಮೊಣಕಾಲು ನಡುಗಿಸಿದ, ಮೂಗಿನಿಂದ ಬುಸುಗುಟ್ಟಿದ.

"ಅಯ್ಯೋ, ಸಾಕು ಸಾಕು! ನಂಬಿದೆ ಮಾರಾಯ, ಇಲ್ಲೇ ಇರ್ಲಿ," ಎಂದಳು ಅಕ್ಕ. ಕಣ್ಣೊರೆಸಿಕೊಂಡಳು, ನಕ್ಕಳು. "ಕೂರಿಸೋ. ಎಷ್ಟು ಹೊತ್ತು ಅಂತ ಹಿಡ್ಕೊಂಡಿರ್ತೀಯ, ಕೈ ನೋಯಲ್ವಾ?"

"ನೋಯುತ್ತೆ ಅಕ್ಕ," ಎಂದ ದರ್ಜಿ.

ಕುರ್ಚಿ ಪಕ್ಕದಲ್ಲೇ ಇತ್ತು. ಅವನು ಕೂರಿಸದೆ ನಿಂತೇ ಇದ್ದ. ಬುಸುಗುಟ್ಟುತ್ತಾ, ಈಗಲಾದರೂ ತೋಳು ಸೋಲಲಿ, ಒಂದಿಷ್ಟಾದರೂ ನೋಯಲಿ ಎಂದು ಕಾಯುತ್ತಾ ನಿಂತಿದ್ದ. ನೋಯಲೇ ಇಲ್ಲ.