‘ದಿ ಎಂಡ್’ ಆದಮೇಲೆ ಬಂದ ಅತ್ತೆ

ಯಲಹಂಕ ನ್ಯೂ ಟೌನಿನಲ್ಲಿ ಶೇಷಗಿರಿಯವರ ಎದುರು ಹಳೆಯ ಹಾಲಿವುಡ್ ಸಿನಿಮಾದ ಮಾತೆತ್ತುವ ಧೈರ್ಯವನ್ನು ಯಾರೂ ಮಾಡುತ್ತಿರಲಿಲ್ಲ. ಎತ್ತಿದವರು ಕಾಫಿ ಆರಿಹೋಗುವವರೆಗೂ ಲೋಟ ಹಿಡಿದು ಕೂರಬೇಕಾಗುತ್ತಿತ್ತು. ಕಪ್ಪುಬಿಳುಪು ಚಿತ್ರವೆಂದರೆ ಅವರಿಗೆ ವೇದ. ಬಣ್ಣ ಬಂದ ಮೇಲಿನದೆಲ್ಲ ಬರೀ ಸುಣ್ಣ ಬಳಿದದ್ದು. ಮೊಮ್ಮಗಳ ಹುಟ್ಟುಹಬ್ಬದ ವಿಡಿಯೋ ನೋಡಿ, ‘ಲೈಟಿಂಗ್ ಚಪ್ಪಟೆಯಾಗಿದೆ, ನೆರಳಿಗೆ ಮರ್ಯಾದೆಯೇ ಇಲ್ಲ’ ಎಂದು ಫ್ಯಾಮಿಲಿ ಗ್ರೂಪಿನಲ್ಲಿ ವಿಮರ್ಶೆ ಹಾಕಿದ ಪುಣ್ಯಾತ್ಮ ಅವರು. ಮಗಳು ಶುಭಾ ಅಂದಿನಿಂದ ಅವರಿಗೆ ವಿಡಿಯೋ ಕಳಿಸುವುದನ್ನೇ ಬಿಟ್ಟಳು.

ಜಾಲಹಳ್ಳಿಯ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಬಿಡಿಭಾಗಗಳಲ್ಲಿ ತಪ್ಪು ಹುಡುಕಿ ಹುಡುಕಿ ಅದೇ ಚಟವಾಗಿ, ನಿವೃತ್ತಿಯಾದ ಮೇಲೆ ‘ಬೆಳ್ಳಿ ಪರದೆ ಬಳಗ’ ಅಂತ ಒಂದು ಸಂಘ ಕಟ್ಟಿದರು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಸಿನಿಮಾ, ಅದಕ್ಕೂ ಮೊದಲು ಶೇಷಗಿರಿಯವರ ಭಾಷಣ, ಆಮೇಲೆ ಶೇಷಗಿರಿಯವರ ವಿಮರ್ಶೆ. ಜಾಗ ಕೊಟ್ಟವರು ಹುಣಸಮಾರನಹಳ್ಳಿ ಮೂಲದ ಆನಂದಪ್ಪ. ಅವರ ಕಾಂಪ್ಲೆಕ್ಸಿನ ಮೇಲಿನ ಹಾಲ್ ಅದು. ಆನಂದಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೂ ಒಂದು ಸಿನಿಮಾ ತಪ್ಪಿಸುತ್ತಿರಲಿಲ್ಲ. ಹಾಲಿನಲ್ಲಿ ಎ.ಸಿ. ಇತ್ತು, ಮನೆಯಲ್ಲಿ ನೆಂಟರಿದ್ದರು.

ಶೇಷಗಿರಿಯವರ ಕೀರ್ತಿಯೆಲ್ಲ ನಿಂತದ್ದು ಒಂದೇ ಒಂದು ಸಿನಿಮಾದ ಮೇಲೆ. ‘ಲ್ಯಾಂಪ್ಸ್ ಅಟ್ ಹಾರ್ಲೋ ಜಂಕ್ಷನ್’. ಮದುವೆಯಾದ ಹೊಸತರಲ್ಲಿ, ಎಂಬತ್ತರ ದಶಕದ ಆರಂಭದಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನ ಫಿಲಂ ಕ್ಲಬ್ಬಿನವರು ಎಲ್ಲಿಂದಲೋ ಎರವಲು ತಂದು ಮೈದಾನದಲ್ಲಿ ಬಿಳಿ ಪರದೆ ಕಟ್ಟಿ ತೋರಿಸಿದ್ದರು. ಆಮೇಲೆ ಆ ಚಿತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಕ್ಯಾಸೆಟ್ಟಿಗೆ ಬರಲಿಲ್ಲ, ಸಿ.ಡಿ.ಗೆ ಬರಲಿಲ್ಲ, ಇಂಟರ್‌ನೆಟ್ಟಿನಲ್ಲೂ ಅದರ ಬಗ್ಗೆ ಎರಡು ಸಾಲಿಗಿಂತ ಹೆಚ್ಚಿರಲಿಲ್ಲ. ಯಾರೂ ನೋಡದ ಸಿನಿಮಾವನ್ನು ನೋಡಿದ ಒಬ್ಬನೇ ಒಬ್ಬ ವಿಮರ್ಶಕ ಎಂದರೆ ಕೇಳಬೇಕೆ? ಆಡಿದ್ದೇ ಆಟ.

ಒಬ್ಬ ಸ್ಟೇಷನ್ ಮಾಸ್ಟರ್, ಅವನ ಹೆಂಡತಿ, ಅವನ ತಾಯಿ, ಇಷ್ಟೇ ಕಥೆ. ಅತ್ತೆ ಸಾಯುತ್ತಾಳೆ, ಸೊಸೆ ಪೆಟ್ಟಿಗೆ ಹಿಡಿದು ರೈಲು ಹತ್ತುತ್ತಾಳೆ, ಪರದೆಯ ಮೇಲೆ ‘ದಿ ಎಂಡ್’ ಅಂತ ಬೀಳುತ್ತದೆ. ಅಷ್ಟಕ್ಕೆ ಮುಗಿಯಿತೇ? ಇಲ್ಲ! ‘ದಿ ಎಂಡ್’ ಬಿದ್ದ ಮೇಲೂ ಸಿನಿಮಾ ಮುಂದುವರಿಯುತ್ತದೆ. ಸತ್ತ ಅತ್ತೆ ಕುರ್ಚಿಯಲ್ಲಿ ಕೂತು ಕಾಫಿ ಕೇಳುತ್ತಾಳೆ. ಹೋದ ಸೊಸೆ ನಗುನಗುತ್ತಾ ಎಲ್ಲರಿಗೂ ಊಟ ಬಡಿಸುತ್ತಾಳೆ. ಇದಕ್ಕೆ ಶೇಷಗಿರಿಯವರು ‘ಕಾಲಭಂಗ’ ಎಂದು ಹೆಸರಿಟ್ಟಿದ್ದರು. ‘ಹೆಣ್ಣಿನ ಕ್ಷಮೆಯ ಮುಂದೆ ಸಾವೂ ಸೋಲುತ್ತದೆ, ಮುಕ್ತಾಯವೂ ಸೋಲುತ್ತದೆ’ ಎಂದು ಎಷ್ಟು ಲೇಖನ ಬರೆದರು, ಎಷ್ಟು ಕಾಲೇಜಿನಲ್ಲಿ ಭಾಷಣ ಬಿಗಿದರು! ಬಳಗದ ಕಾರ್ಯದರ್ಶಿ ಅಭಿರಾಮ್, ಹೆಬ್ಬಾಳದ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಹುಡುಗ, ಸಿನಿಮಾ ನೋಡದೆಯೇ ಕಾಲಭಂಗದ ಮೇಲೆ ಯೂಟ್ಯೂಬಿನಲ್ಲಿ ಅರ್ಧ ಗಂಟೆ ಮಾತಾಡಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಶಿಷ್ಯರಿಗೇನು ಬರವೇ!

ಈಗ ಆ ಲೇಖನಗಳೆಲ್ಲ ಪುಸ್ತಕವಾಗಿದ್ದವು. ಹೆಸರು ‘ಮುಕ್ತಾಯದ ಆಚೆ’. ಶೇಷಗಿರಿಯವರ ಜೀವಮಾನದ ಆಸೆಯೆಂದರೆ ಅದೊಂದೇ, ತಮ್ಮ ಹೆಸರಿರುವ ಪುಸ್ತಕವನ್ನು ನಾಲ್ಕು ಜನರೆದುರು ಎತ್ತಿ ಹಿಡಿಯುವುದು. ಅದೃಷ್ಟ ನೋಡಿ, ಅದೇ ಹೊತ್ತಿಗೆ ವಿದೇಶದ ಯಾವುದೋ ಸಂಸ್ಥೆಯವರು ಆ ಸಿನಿಮಾದ ಮೂಲ ನೆಗೆಟಿವ್ ಪತ್ತೆಹಚ್ಚಿ, ತೊಳೆದು ಬೆಳಗಿ, ಆನ್‌ಲೈನಿನಲ್ಲಿ ಹಾಕಿಬಿಟ್ಟರು. ಅಭಿರಾಮ್ ಕುಣಿದಾಡಿದ. “ಸರ್, ಫಸ್ಟ್ ಸಿನಿಮಾ, ಆಮೇಲೆ ಬುಕ್ ರಿಲೀಸ್. ಜನ ಕಾಲಭಂಗ ಕಣ್ಣಾರೆ ನೋಡ್ಲಿ. ಲಿಂಕ್ ಕಳ್ಸಿದೀನಿ, ಒಂದ್ಸಲ ನೋಡ್ಬಿಡಿ ಸರ್.”

“ತಾಯಿ ಮುಖ ಗುರುತು ಹಿಡಿಯೋಕೆ ಆಧಾರ್ ಕಾರ್ಡ್ ಬೇಕೇನಯ್ಯಾ?” ಎಂದರು ಶೇಷಗಿರಿ. ಲಿಂಕ್ ಒತ್ತಲಿಲ್ಲ.

ಆ ಭಾನುವಾರ ಹಾಲ್ ತುಂಬಿತ್ತು. ಬಣ್ಣದ ಕಾಗದದಲ್ಲಿ ಸುತ್ತಿದ ಪುಸ್ತಕಗಳು ಮೇಜಿನ ಮೇಲೆ ಕೂತಿದ್ದವು. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟ ಅಲಮೇಲು. ಶೇಷಗಿರಿಯವರ ಹೆಂಡತಿ ಬಳಗದ ಕಾರ್ಯಕ್ರಮಕ್ಕೆ ಬಂದದ್ದು ಅದೇ ಮೊದಲು. ‘ಅವಳಿಗೆ ಸೀರಿಯಲ್ ಸಾಕು, ಸಿನಿಮಾ ಅವಳ ತಲೆಗೆ ಹತ್ತೋದಲ್ಲ’ ಎಂದು ಗಂಡನೇ ಊರಿಗೆಲ್ಲ ಸಾರಿದ್ದರು. ಸಾಧಕರ ಹಿಂದಿನ ಶಕ್ತಿಗೆ ಶಾಲು ಹೊದಿಸಬೇಕು ಎಂದು ಅಭಿರಾಮ್ ಹಟ ಹಿಡಿದು ಕರೆಸಿದ್ದ.

ಭಾಷಣ ಭರ್ಜರಿಯಾಗಿ ನಡೆಯಿತು. “ಇವತ್ತು ನೀವು ‘ದಿ ಎಂಡ್’ ನೋಡ್ತೀರಿ. ಎದ್ದು ಹೋಗ್ಬೇಡಿ! ಎದ್ದವರು ಕಲೆಗೆ ಬೆನ್ನು ಹಾಕಿದಂಗೆ,” ಎಂದು ಬೆರಳೆತ್ತಿ ಎಚ್ಚರಿಸಿ, ಚಪ್ಪಾಳೆ ಗಿಟ್ಟಿಸಿ ಕೂತರು. ದೀಪ ಆರಿತು.

ಮೊದಲರ್ಧ ಸುಸೂತ್ರ. ಅದಾದ ಮೇಲೆ ಹೆಣ ಎತ್ತುವ ದೃಶ್ಯ ಬರಬೇಕು ಎಂದು ಶೇಷಗಿರಿ ಪಕ್ಕದವರಿಗೆ ಪಿಸುಗುಟ್ಟಿದರು. ಬಂದದ್ದು ಕಾಫಿ. ಅತ್ತೆ ಗುಂಡುಕಲ್ಲಿನ ಹಾಗೆ ಕೂತು ಕಾಫಿ ಕೇಳಿದಳು. ಸೊಸೆ ನಗುತ್ತಾ ಊಟ ಬಡಿಸಿದಳು. ಇದೇನು, ಅಭಿರಾಮ್ ಏನಾದರೂ ತಪ್ಪು ಗುಂಡಿ ಒತ್ತಿದನೇ ಎಂದು ಹಿಂದಿರುಗಿ ನೋಡಿದರು. ಅವನು ಕೈಕಟ್ಟಿ ಭಕ್ತಿಯಿಂದ ಕೂತಿದ್ದ. ಆಮೇಲೆ ಅತ್ತೆ ಹಾಸಿಗೆ ಹಿಡಿದಳು, ಸತ್ತಳು. ಸೊಸೆಯ ಮುಖದ ನಗು ಒಂದೊಂದೇ ದೃಶ್ಯದಲ್ಲಿ ಕರಗಿತು. ಗಂಡ ಅವಳ ಮುಂದೆ ನಿಂತು ಮಾತಾಡಿದ, ಮಾತಾಡಿದ, ಮಾತಾಡುತ್ತಲೇ ಇದ್ದ. ಅವಳು ಪೆಟ್ಟಿಗೆ ತೆಗೆದುಕೊಂಡು ರೈಲು ಹತ್ತಿದಳು. ‘ದಿ ಎಂಡ್’.

ಶೇಷಗಿರಿಯವರ ಕಣ್ಣೆದುರೇ ಎಲ್ಲವೂ ನೇರವಾಗಿ, ಸಲೀಸಾಗಿ, ಮಗುವಿಗೂ ಅರ್ಥವಾಗುವ ಹಾಗೆ ನಡೆದುಹೋಗಿತ್ತು. ಏನಾಗಿದೆ ಎಂಬುದು ಅವರಿಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾದದ್ದನ್ನು ಅಲ್ಲೇ ಅದುಮಿ ಹಾಕಿದರು.

ಜನ ಏಳಲಿಲ್ಲ. ಏಳಬೇಡಿ ಎಂದು ಅಪ್ಪಣೆಯಾಗಿತ್ತಲ್ಲ! ಪರದೆ ಕಪ್ಪಾಯಿತು. ಯಾರೋ ದೀಪ ಹಾಕಿದರೆ “ಏಯ್, ಆಫ್ ಮಾಡ್ರೀ, ಇನ್ನೂ ಇದೆ!” ಎಂದು ಹತ್ತು ಕಡೆಯಿಂದ ಕೂಗು ಬಂತು. ದೀಪ ಆರಿತು. ಲ್ಯಾಪ್‌ಟಾಪಿನಿಂದ ದೊಡ್ಡ ಪರದೆಯ ಮೇಲೆ ಅಭಿರಾಮನ ಮದುವೆಯ ಫೋಟೋ ಮೂಡಿತು. ಇದೂ ಕಾಲಭಂಗವೇ ಇರಬೇಕು ಎಂದು ಹಿರಿಯರೊಬ್ಬರು ಅದನ್ನೂ ಗಂಭೀರವಾಗಿ ನೋಡಿದರು.

ಕಡೆಗೆ ಆನಂದಪ್ಪ ಬಾಯಿಬಿಟ್ಟರು. “ಸಾ, ಅತ್ತೆ ಎದ್ ಬರದು ಯಾವಾಗ? ಇಂಗೇ ಕುಂತಿರಾದಾ?”

ಶೇಷಗಿರಿ ಎದ್ದು ಮೈಕ್ ಹಿಡಿದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು. “ಸ್ನೇಹಿತರೇ, ನಾವೀಗ ಒಂದು ಕೊಲೆ ನೋಡಿದ್ವಿ. ಚಿತ್ರದ ಕೊಲೆ! ಯಾರೋ ತಲೆಕೆಟ್ಟವರು ಇದನ್ನ ಕತ್ತರಿಸಿ, ದಡ್ಡರಿಗೂ ಅರ್ಥ ಆಗ್ಲಿ ಅಂತ ಸಾಲಾಗಿ ಜೋಡಿಸಿದಾರೆ. ಇದು ಮೂಲ ಅಲ್ಲ.”

“ಸರ್...” ಅಭಿರಾಮ್ ಫೋನ್ ನೋಡುತ್ತಾ ತಡವರಿಸಿದ. “ಒರಿಜಿನಲ್ ನೆಗೆಟಿವ್‌ನಿಂದಾನೇ ಮಾಡಿದ್ದು ಅಂತ ಹಾಕಿದಾರೆ ಸರ್. ಒಂದು ಫ್ರೇಮೂ ಆಕಡೆ ಈಕಡೆ ಮಾಡಿಲ್ವಂತೆ.”

“ಅವರು ಹೇಳಿದ್ದು ನಂಬ್ತೀಯೋ, ನಾನು ಕಣ್ಣಾರೆ ಕಂಡಿದ್ದು ನಂಬ್ತೀಯೋ?”

ಹಾಲಿನಲ್ಲಿ ಗುಸುಗುಸು ಎದ್ದಿತು. ಪುಸ್ತಕ ಬಿಡುಗಡೆ ಮಾಡಬೇಕಿದ್ದ ನಿವೃತ್ತ ಪ್ರಾಂಶುಪಾಲ ವೀರಬಸಪ್ಪನವರು ವಾಚು ನೋಡಿಕೊಂಡರು. ಮೇಜಿನ ಮೇಲಿನ ಪುಸ್ತಕಗಳು ಕೈಗೆಟಕುವಷ್ಟು ಹತ್ತಿರದಲ್ಲಿದ್ದವು, ಕೈ ತಪ್ಪುತ್ತಲೂ ಇದ್ದವು. ಶೇಷಗಿರಿಯವರಿಗೆ ಆಗಲೇ ಮುಂದಿನ ಸಾಲಿನ ರೇಷ್ಮೆ ಸೀರೆ ಕಂಡದ್ದು. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಎಂದರೆ ಇದೇ.

“ಸಾಕ್ಷಿ ಬೇಕೇನ್ರೀ ನಿಮಗೆ? ಇಲ್ಲೇ ಇದಾಳೆ ನನ್ನ ಹೆಂಡತಿ! ಅವತ್ತು ಮೈದಾನದಲ್ಲಿ ನನ್ನ ಪಕ್ಕದಲ್ಲೇ ಕೂತು ನೋಡಿದ್ದಳು. ಅಲಮೇಲು, ಬಾ. ‘ದಿ ಎಂಡ್’ ಆದಮೇಲೆ ಅತ್ತೆ ಬಂದ್ಲೋ ಇಲ್ವೋ? ಹೇಳು ಇವರಿಗೆ.”

ಅಲಮೇಲು ಸೆರಗು ಸರಿಮಾಡಿಕೊಂಡು ಬಂದರು. ಮೈಕನ್ನು ಒಂದು ಸಲ ತಟ್ಟಿ ನೋಡಿದರು.

“ಬಂದ್ಲು,” ಎಂದರು.

ಶೇಷಗಿರಿ ಗೆದ್ದವರಂತೆ ಜನರ ಕಡೆ ಕೈಚಾಚಿದರು.

“ಬರ್ದೆ ಏನ್ಮಾಡ್ತಾಳೆ? ಅವತ್ತು ಆಪರೇಟರ್ ಮೂರನೇ ರೀಲೂ ಕೊನೇದಾದ ನಾಲ್ಕನೇ ರೀಲೂ ಅದಲು ಬದಲು ಹಾಕ್ಬಿಟ್ಟಿದ್ದ. ಸತ್ತೋದ ಅತ್ತೆ ಎದ್ ಬಂದು ಕಾಫಿ ಕೇಳಿದ್ರೆ ಯಾವ ಸೊಸೇಗ್ ಗೊತ್ತಾಗಲ್ಲ ಹೇಳಿ? ನಮ್ಮತ್ತೆ ಬೇರೆ ನನ್ನ ಈ ಪಕ್ಕದಲ್ಲಿ ಕೂತಿದ್ರು. ‘ಅಯ್ಯೋ, ಇವಳು ಆಗ್ಲೇ ಹೋಗ್ಲಿಲ್ವೇನೇ’ ಅಂತ ಅವ್ರೇ ಕೇಳಿದ್ರು. ಮಾರನೇ ದಿನ ಹಾಲಿನ ಬೂತ್ ಹತ್ರ ಆಪರೇಟ್ರೇ ಒಪ್ಕೊಂಡ. ಇಡೀ ಕ್ವಾರ್ಟರ್ಸೇ ಬಿದ್ದು ಬಿದ್ದು ನಗ್ತಾ ಇತ್ತು.” ಅಲಮೇಲು ಗಂಡನ ಕಡೆ ನೋಡಿದರು. “ಇವರೊಬ್ರಿಗೆ ಗೊತ್ತಾಗ್ಲಿಲ್ಲ. ಮನೇಲಿ ಬಾಗ್ಲು ಹಾಕ್ಕೊಂಡು ವಿಮರ್ಶೆ ಬರೀತಿದ್ರು.”

ಮೊದಲು ನಕ್ಕದ್ದು ಆನಂದಪ್ಪ. ಆಮೇಲೆ ಹಾಲಿಗೆ ಹಾಲೇ ನಕ್ಕಿತು. ವೀರಬಸಪ್ಪನವರು ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡರು. ಕಾಲಭಂಗದ ವಿಡಿಯೋವನ್ನು ಅಭಿರಾಮ್ ಅಲ್ಲೇ, ನಿಂತ ಕಾಲಿನಲ್ಲೇ ಡಿಲೀಟ್ ಮಾಡಿದ.

“ಬುಕ್ಕು ಆಮೇಲ್ ಆಯ್ತದೆ ಬುಡಿ,” ಎಂದರು ಆನಂದಪ್ಪ ಕಣ್ಣೊರೆಸಿಕೊಳ್ಳುತ್ತಾ. “ಅಮ್ಮಾ, ನೀವೇಳಿ. ಈ ಪಿಚ್ಚರ್ ಎಂಗಿತ್ತು?”

ಅಲಮೇಲು ಹೇಳಿದರು. ಆ ಸೊಸೆ ಊಟ ಬಡಿಸುವಾಗ ನಗುತ್ತಾಳಲ್ಲ, ಅದು ಸಂತೋಷದ ನಗುವಲ್ಲ, ಅತ್ತೆ ನೊಂದುಕೊಳ್ಳಬಾರದು ಅಂತ ನಗುವ ನಗು ಎಂದರು. ಅತ್ತೆ ಇರುವವರೆಗೂ ಅವಳು ಆ ಮುದುಕಿಗಾಗಿಯೇ ಆ ಮನೆಯಲ್ಲಿದ್ದದ್ದು, ಗಂಡನಿಗಾಗಿ ಅಲ್ಲ ಎಂದರು. ಅವನು ಕೆಟ್ಟವನಲ್ಲ, ಹೊಡೆಯುವವನಲ್ಲ, ಬರೀ ಮಾತಾಡುವವನು. ಅವಳ ಮಾತು ಅವನ ಕಿವಿಗೆ ಬೀಳಲೇ ಇಲ್ಲ ಎಂದರು. ಹಾಲಿನಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಮೂಗು ಸೀಟಿದರು. ಬಳಗ ಶುರುವಾದಾಗಿನಿಂದ ಸಿನಿಮಾದ ಮಾತು ಕೇಳಿ ಯಾರಾದರೂ ಅತ್ತದ್ದು ಅದೇ ಮೊದಲು. ಶೇಷಗಿರಿ ಕುರ್ಚಿಯ ತುದಿಯಲ್ಲಿ ಕೂತು, ಕೈ ಬೀಸಿ ಏನೋ ತಿದ್ದಲು ಹೋಗಿ, ಅಭಿರಾಮ್ “ಸರ್, ಒಂದ್ನಿಮಿಷ” ಅಂದದ್ದಕ್ಕೆ ಸುಮ್ಮನಾದರು. ಚಪ್ಪಾಳೆ ಬಿತ್ತು. ವೀರಬಸಪ್ಪನವರು ಅಲಮೇಲುವಿಗೆ ಶಾಲು ಹೊದಿಸಿದರು. ಪುಸ್ತಕಗಳ ಬಣ್ಣದ ಕಾಗದವನ್ನು ಯಾರೂ ಬಿಚ್ಚಲಿಲ್ಲ.

ವಾಪಸ್ ಬರುವಾಗ ಆಟೋದಲ್ಲಿ ಇಬ್ಬರ ನಡುವೆ ಪುಸ್ತಕದ ಕಟ್ಟು. ಮದರ್ ಡೈರಿ ಸರ್ಕಲ್ ದಾಟುವವರೆಗೂ ಶೇಷಗಿರಿ ಮುಖ ಊದಿಸಿಕೊಂಡು ರಸ್ತೆ ನೋಡುತ್ತಿದ್ದರು. ಕಡೆಗೆ ತಡೆಯಲಾರದೆ ಸಿಡಿದರು.

“ಇಷ್ಟು ವರ್ಷ ಗೊತ್ತಿದ್ದೂ ಬಾಯ್ಮುಚ್ಕೊಂಡಿದ್ದೆಯಲ್ಲ! ಅಷ್ಟು ಜನರೆದುರು ಮಾನ ಕಳೀಬೇಕಿತ್ತಾ? ಮನೇಲಿ ಹೇಳೋಕೆ ಏನಾಗಿತ್ತು ನಿನಗೆ?”

“ಹೇಳಿದ್ದೆ. ಅವತ್ತು ಮೈದಾನದಿಂದ ಬರ್ತಾನೇ ಹೇಳಿದ್ದೆ. ‘ನಿನಗೆ ಸಿನಿಮಾ ಅರ್ಥ ಆಗಲ್ಲ, ಸುಮ್ನಿರು’ ಅಂದ್ರಿ. ಸುಮ್ನಾದೆ,” ಎಂದರು ಅಲಮೇಲು. ದನಿಯಲ್ಲಿ ಸಿಟ್ಟಿರಲಿಲ್ಲ. “ಆಮೇಲೆ ನೀವು ನನ್ನನ್ನ ಒಂದು ಮಾತು ಕೇಳಿದ್ದೇ ಇವತ್ತು ಕಣ್ರೀ. ಅದೂ ಸಾಕ್ಷಿ ಬೇಕಾಗಿತ್ತು ಅಂತ.”