ಆರಿಸದೆ ಬಿಟ್ಟ ಚಂದ್ರ

ನಮ್ಮ ತಾರಾಲಯದಲ್ಲಿ ಕತ್ತಲೆಯಲ್ಲಿ ಕೂತು ಮಾತಾಡುವುದು ನನ್ನ ಕೆಲಸ. ಯಂತ್ರದ ಮುಂದೆ ಕೂತು ಛಾವಣಿಯ ಮೇಲೆ ಸೂರ್ಯ, ಚಂದ್ರ, ನಕ್ಷತ್ರ ಮೂಡಿಸುವುದು ನನ್ನ ಭಾವನವರ ಕೆಲಸ. ನನ್ನದು ಕಾಯಂ ನೌಕರಿ, ಅವರದು ಇಂದೋ ನಾಳೆಯೋ ಎನ್ನುವಂಥದ್ದು. ಅಕ್ಕ ಅದೇ ಚಿಂತೆಯಲ್ಲಿ ಸೊರಗಿದ್ದಳು.

ನಿರ್ದೇಶಕರಿಗೆ ನಾವಿಟ್ಟ ಹೆಸರು ಗುಮ್ಮಟ ಸಾಹೇಬರು. ತಲೆ ಹೊರಗಿನಿಂದ ನುಣ್ಣಗೆ, ಒಳಗೆ ಬರೀ ಕತ್ತಲೆ. ಅವರ ಕಾರು ನೆಲಮಾಳಿಗೆಗೆ ಬರುತ್ತಿತ್ತು, ಲಿಫ್ಟು ಅವರನ್ನು ಕೊಠಡಿಗೆ ಮುಟ್ಟಿಸುತ್ತಿತ್ತು. ಆಕಾಶದ ವಿಷಯದಲ್ಲಿ ಅವರದೇ ಕೊನೆಯ ಮಾತು.

ಹೊಸ ಪ್ರದರ್ಶನದ ತಾಲೀಮಿನಲ್ಲಿ ಭಾವ ಬೆಳಗಿನ ಆಕಾಶ ತೋರಿಸಿದರು. ಪೂರ್ವದಲ್ಲಿ ಸೂರ್ಯ, ಪಶ್ಚಿಮದಲ್ಲಿ ಮಾಸಲು ಚಂದ್ರ. ಸಾಹೇಬರು ಎದ್ದೇ ನಿಂತರು.

“ಏನ್ರೀ ಇದು? ಸೂರ್ಯ ಡ್ಯೂಟಿಗೆ ಬಂದ್ಮೇಲೂ ಚಂದ್ರ ಮನೆಗೆ ಹೋಗಿಲ್ವಾ?”

“ಹಗಲಲ್ಲೂ ಕಾಣಿಸ್ತಾನೆ ಸಾರ್. ಹೊರಗೆ ಬನ್ನಿ, ಈಗ್ಲೇ ತೋರಿಸ್ತೀನಿ.”

“ಆಕಾಶ ನೋಡೋಕೆ ನಾನ್ಯಾಕ್ರೀ ಹೊರಗೆ ಬರ್ಲಿ? ನಾಡಿದ್ದು ಉದ್ಘಾಟನೆಗೆ ಮಂಡಳಿ ಅಧ್ಯಕ್ಷರು ಬರ್ತಿದಾರೆ. ಹಗಲಲ್ಲಿ ಚಂದ್ರ ಕಂಡ ಅಂದ್ರೆ ನಿಮ್ಮ ಕೆಲಸ ಹೋಯ್ತು ಅಂದ್ಕೊಳ್ಳಿ.”

ಆ ಸಂಜೆ ಭಾವನ ಮನೆಗೆ ಹೋದಾಗ ಅಕ್ಕ ನನ್ನ ಕೈ ಹಿಡಿದುಕೊಂಡಳು. “ನೀನಾದ್ರೂ ಹೇಳೇ. ಒಂದು ಚಂದ್ರ ಇಲ್ದಿದ್ರೆ ಇವರ ಗಂಟೇನು ಹೋಗತ್ತೆ?”

ನಾನು ಹೇಳಿದೆ. ಭಾವ ಊಟದ ತಟ್ಟೆ ದೂರ ಸರಿಸಿದರು. “ಇಲ್ಲದ್ದನ್ನ ತೋರಿಸು ಅಂದ್ರೆ ಹ್ಯಾಗೋ ತೋರಿಸ್ತೀನಿ. ಇರೋದನ್ನ ಇಲ್ಲ ಅನ್ನೋದು ಹ್ಯಾಗಮ್ಮ?” ಅಂದರು. ಆದರೂ ಮರುದಿನ ಯಂತ್ರದಿಂದ ಚಂದ್ರನನ್ನು ತೆಗೆದರು.

ಉದ್ಘಾಟನೆಯ ಬೆಳಿಗ್ಗೆ ಎಲ್ಲ ಸುಸೂತ್ರವಾಯಿತು. “ಹಗಲಿಗೆ ಸೂರ್ಯನೊಬ್ಬನೇ ಒಡೆಯ” ಎಂದು ನಾನೂ ಜೇನಿನಂಥ ದನಿಯಲ್ಲಿ ಉಲಿದೆ. ಅಧ್ಯಕ್ಷರು ಜೋರಾಗಿ ಚಪ್ಪಾಳೆ ತಟ್ಟಿದರು. ಫೋಟೋ ತೆಗೆಸಿಕೊಳ್ಳಲು ಎಲ್ಲರೂ ಹೊರಗಿನ ಮೆಟ್ಟಿಲಿಗೆ ಬಂದೆವು.

ನೀರಿನ ಟ್ಯಾಂಕಿನ ಮೇಲೆ, ತಿಳಿನೀಲಿಯಲ್ಲಿ, ಅರ್ಧ ಚಂದ್ರ.

“ಅದೇನ್ರೀ ಅದು?” ಅಧ್ಯಕ್ಷರು ಬೆರಳು ತೋರಿಸಿದರು.

ಗುಮ್ಮಟ ಸಾಹೇಬರ ಮುಖ ಬಿಳಿಚಿಕೊಂಡಿತು. ಸರಕ್ಕನೆ ಭಾವನ ಕಡೆ ತಿರುಗಿ, “ಅಷ್ಟು ಹೇಳಿದ್ರೂ ಯಾಕ್ರೀ ಆರಿಸಿಲ್ಲ?” ಎಂದು ಹಲ್ಲು ಕಡಿದರು.

ಯಾರೂ ನಗಲಿಲ್ಲ. ಅಧ್ಯಕ್ಷರೂ ಭಾವನನ್ನೇ ದುರುಗುಟ್ಟಿ ನೋಡಿದರು. ಭಾವ ಒಮ್ಮೆ ಚಂದ್ರನನ್ನು ನೋಡಿದರು, ಒಮ್ಮೆ ನನ್ನನ್ನು. ನಾನು ತಲೆ ತಗ್ಗಿಸಿದೆ.

“ತಪ್ಪಾಯ್ತು ಸಾರ್. ಆರಿಸ್ತೀನಿ” ಎಂದು ಭಾವ ಒಳಗೆ ಹೋದರು.

ಯಂತ್ರದ ಕೋಣೆಯಲ್ಲಿ ಕೂತು ಚಹಾ ಕುಡಿದರು. ಚಂದ್ರ ತನ್ನ ಪಾಡಿಗೆ ತಾನು ಇಳಿಯುತ್ತ ಹೋಗಿ, ಮಧ್ಯಾಹ್ನದ ಹೊತ್ತಿಗೆ ಮುಳುಗಿದ. ಊಟ ಮುಗಿಸಿ ಬಂದ ಸಾಹೇಬರು ಹೊರಬಾಗಿಲಲ್ಲಿ ನಿಂತು ಕತ್ತೆತ್ತಿ ನೋಡಿ, ಒಳಗೆ ಬಂದು ಭಾವನ ಬೆನ್ನು ತಟ್ಟಿದರು. “ತಡವಾದ್ರೂ ಆರಿಸಿದ್ರಲ್ಲ, ಸದ್ಯ!” ಸಂಜೆಗೆ ಭಾವನ ನೌಕರಿ ಕಾಯಂ ಆಯಿತು. ಅಕ್ಕನಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ, ನಾನು ತಲೆ ತಗ್ಗಿಸಿದ್ದನ್ನು ಬಿಟ್ಟು.

ಮರುದಿನ ಬೆಳಿಗ್ಗೆ ಭಾವನನ್ನು ಕೆಲಸಕ್ಕೆ ಕರೆದುಕೊಂಡು ಹೋಗಲು ಅವರ ಮನೆಗೆ ಬಂದೆ. ಅಕ್ಕ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಮುಖದಲ್ಲಿ ಕಳೆ ಬಂದಿತ್ತು.

“ರೀ, ನಿಮ್ಮ ಚಂದ್ರ ಇವತ್ತೂ ಬಂದಿದಾನೆ ನೋಡಿ ಇಲ್ಲಿ!” ಎಂದು ಕೂಗಿದಳು.

ಅಂಗಳದಲ್ಲಿ ಷೂ ಕಟ್ಟಿಕೊಳ್ಳುತ್ತಿದ್ದ ಭಾವ ತಲೆ ಎತ್ತಲಿಲ್ಲ.

“ಹಗಲಲ್ಲಿ ಚಂದ್ರ ಕಾಣಿಸಲ್ಲ ಕಣೇ” ಅಂದರು.